ಸ್ಟ್ರೆಚ್ಲಿ: ಕೂತವರನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವ ಉಚಿತ ಸಾಫ್ಟ್‌ವೇರ್

ದಿನಕ್ಕೆ ಏಳೆಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುವವರು ಯಾರೇ ಇರಲಿ, ಸ್ಟ್ರೆಚ್ಲಿ ಅನ್ನುವ ಈ ಪುಟ್ಟ ಸಾಫ್ಟ್‌ವೇರನ್ನು ಇವತ್ತೇ ಹಾಕಿಕೊಳ್ಳಿ ಅಂತ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಡಬೇಕಾಗಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಓಪನ್ ಸೋರ್ಸ್, ಅಂದರೆ ಅದರ ಕೋಡ್ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇದೆ. ಅದು ಮಾಡುವ ಕೆಲಸ ಒಂದೇ. ಹೊತ್ತು ಹೊತ್ತಿಗೆ ಪರದೆಯ ಮೇಲೆ ಬಂದು, ಸಾಕು, ಈಗ ಏಳಿ ಅನ್ನುತ್ತದೆ. ಇಷ್ಟು ಸಣ್ಣ ಕೆಲಸದ ಬಗ್ಗೆ ಇಷ್ಟುದ್ದ ಬರೆಯುವುದಕ್ಕೆ ಕಾರಣ ಇದೆ: ಆ ಒಂದು ಕೆಲಸವನ್ನು ಸರಿಯಾಗಿ ಮಾಡುವ ವಸ್ತು ಬೇರೆ ನನಗೆ ಸಿಕ್ಕಿಲ್ಲ. ಜೊತೆಗೆ, ಅದನ್ನು ಹಾಕಿಕೊಂಡ ಮಾತ್ರಕ್ಕೆ ಆಗುವುದಿಲ್ಲ, ಎದ್ದ ಮೇಲೆ ಸಿಗುವ ಐದು ನಿಮಿಷದಲ್ಲಿ ಏನು ಮಾಡಬೇಕು ಅನ್ನುವುದೂ ಗೊತ್ತಿರಬೇಕು.

ನಾನು ತುಮಕೂರಿನಲ್ಲಿ ಸಣ್ಣ ಅಂಗಡಿಗಳು, ಹಾರ್ಡ್‌ವೇರ್ ಮಳಿಗೆಗಳು, ಒಂದೆರಡು ರೈಸ್ ಮಿಲ್‌ಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ತೆರೆದರೆ ಸಂಜೆಯವರೆಗೂ ಅದೇ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್‌ಗಳು, ಜುಲೈ ಬಂತೆಂದರೆ ಇನ್‌ಕಮ್ ಟ್ಯಾಕ್ಸ್. ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು, ಒಂದು ಬಿಲ್ ತಾಳೆಯಾಗದೆ ಹುಡುಕುತ್ತಾ ಕೂತರೆ ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಸೊಂಟ ಹಿಡಿದುಕೊಳ್ಳುತ್ತದೆ. ಕತ್ತು ಬಿಗಿಯುತ್ತದೆ, ಕಣ್ಣು ಉರಿಯುತ್ತದೆ, ಸಂಜೆ ಎದ್ದಾಗ ಪಾದ ಊದಿ ಚಪ್ಪಲಿ ಬಿಗಿಯಾಗಿರುತ್ತದೆ. ಬೆಳಿಗ್ಗೆ ವಾಕಿಂಗ್ ಹೋಗುತ್ತೇನಲ್ಲ, ಅಷ್ಟು ಸಾಲದಾ ಅಂತ ಬಹಳ ಜನ ಕೇಳುತ್ತಾರೆ. ವಾಕಿಂಗ್ ಬೇಕೇ ಬೇಕು, ಅದನ್ನು ಬಿಡಬೇಡಿ. ಆದರೆ ಬೆಳಿಗ್ಗೆ ಆರಕ್ಕೆ ನಡೆದದ್ದು ಮಧ್ಯಾಹ್ನ ಮೂರಕ್ಕೆ ಬಿಗಿದ ಕತ್ತನ್ನು ಸಡಿಲ ಮಾಡುವುದಿಲ್ಲ ಅಲ್ವಾ? ಕೂತ ಹೊತ್ತಿನ ನಡುನಡುವೆಯೇ ಏಳಬೇಕು.

ಏಳಬೇಕು ಅಂತ ಎಲ್ಲರಿಗೂ ಗೊತ್ತಿದೆ. ಗೊತ್ತಿದ್ದ ಮಾತ್ರಕ್ಕೆ ಯಾರೂ ಏಳುವುದಿಲ್ಲ. ಕೆಲಸದಲ್ಲಿ ಮುಳುಗಿದವರಿಗೆ ಯಾರಾದರೂ ನೆನಪಿಸಬೇಕು, ಅದೂ ಕಣ್ಣು ಎಲ್ಲಿದೆಯೋ ಅಲ್ಲಿಗೇ ಬಂದು ನೆನಪಿಸಬೇಕು. ಫೋನಿನಲ್ಲಿ ಅಲಾರಾಂ ಇಟ್ಟರೆ ಕಣ್ಣು ಪರದೆಯ ಮೇಲೆ ಇದ್ದಂತೆಯೇ ಬೆರಳು ಹೋಗಿ ಅದನ್ನು ಆರಿಸಿಬಿಡುತ್ತದೆ. ಆಪಲ್ ವಾಚ್‌ನಲ್ಲಿ ಎದ್ದು ನಿಲ್ಲಿ ಅನ್ನುವ ಸೂಚನೆ ಇದೆ. ಆ ಗಂಟೆಯಲ್ಲಿ ನೀವು ಎದ್ದೇ ಇಲ್ಲ ಅಂದರೆ 50ನೇ ನಿಮಿಷಕ್ಕೆ ಮಣಿಕಟ್ಟಿನ ಮೇಲೆ ತಟ್ಟುತ್ತದೆ, ಒಂದು ನಿಮಿಷ ನಿಂತು ಓಡಾಡಿದರೆ ಆ ಗಂಟೆಯ ಲೆಕ್ಕ ಚುಕ್ತಾ. ದಿನಕ್ಕೆ 12 ಗಂಟೆ ಹೀಗೆ ಮಾಡಿದರೆ ಗುರಿ ಮುಟ್ಟಿದಂತೆ. ಕೆಟ್ಟದ್ದೇನಲ್ಲ. ಆದರೆ ಗಂಟೆಗೆ ಒಂದು ಸಲ, ಒಂದು ನಿಮಿಷ ಅನ್ನುವುದು ಬಹಳ ಕಡಿಮೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸ್ಟ್ರೆಚ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಇನ್‌ಸ್ಟಾಲ್ ಮಾಡಿದ ಕೂಡಲೇ ಗಡಿಯಾರದ ಪಕ್ಕದಲ್ಲಿ ಸಣ್ಣ ಐಕಾನ್ ಆಗಿ ಕೂರುತ್ತದೆ. ಏನನ್ನೂ ಬದಲಾಯಿಸದೆ ಬಿಟ್ಟರೆ, 10 ನಿಮಿಷಕ್ಕೊಮ್ಮೆ 20 ಸೆಕೆಂಡಿನ ಸಣ್ಣ ಬ್ರೇಕ್ ಕೊಡುತ್ತದೆ. ಅಂಥ ಎರಡು ಸಣ್ಣ ಬ್ರೇಕ್ ಆದ ಮೇಲೆ, ಅಂದರೆ ಅರ್ಧ ಗಂಟೆಗೆ, 5 ನಿಮಿಷದ ದೊಡ್ಡ ಬ್ರೇಕ್. ಬ್ರೇಕ್ ಬಂದಾಗ ಪರದೆಯ ಮೇಲೆ ಒಂದು ಕಿಟಕಿ ತೆರೆದು, ಏನು ಮಾಡಬಹುದು ಅಂತ ಒಂದೆರಡು ಸಾಲಿನ ಸಲಹೆ ಕೊಡುತ್ತದೆ. ಎಷ್ಟು ಹೊತ್ತು ಉಳಿದಿದೆ ಅನ್ನುವುದನ್ನು ಒಂದು ಪಟ್ಟಿ ತೋರಿಸುತ್ತಿರುತ್ತದೆ. ಮುಗಿದಾಗ ಮೆಲ್ಲಗೆ ಒಂದು ಸದ್ದು. ಅಷ್ಟೇ.

ನನಗೆ ತುಂಬಾ ಇಷ್ಟವಾದದ್ದು ಅದು ಹಠಾತ್ತನೆ ಮೈಮೇಲೆ ಬೀಳುವುದಿಲ್ಲ ಅನ್ನುವುದು. ಸಣ್ಣ ಬ್ರೇಕಿಗೆ 10 ಸೆಕೆಂಡ್ ಮುಂಚೆ, ದೊಡ್ಡ ಬ್ರೇಕಿಗೆ 30 ಸೆಕೆಂಡ್ ಮುಂಚೆ ಮೂಲೆಯಲ್ಲಿ ಒಂದು ಸೂಚನೆ ಬರುತ್ತದೆ. ಅಷ್ಟರಲ್ಲಿ ಕೈಯಲ್ಲಿದ್ದ ಎಂಟ್ರಿ ಮುಗಿಸಿ ಸೇವ್ ಮಾಡಬಹುದು. ಓಟಿಪಿ ಹಾಕುತ್ತಿರುವಾಗಲೇ ಬ್ರೇಕ್ ಬಂದರೆ ಏನು ಗತಿ ಅಂತ ಕೇಳಬಹುದು. ಅದಕ್ಕೂ ದಾರಿ ಇದೆ. ಸಣ್ಣದನ್ನು 2 ನಿಮಿಷ, ದೊಡ್ಡದನ್ನು 5 ನಿಮಿಷ ಮುಂದೂಡಬಹುದು. ಆದರೆ ಒಂದೇ ಸಲ. ಮುಂದೂಡಿದ್ದನ್ನೇ ಮತ್ತೆ ಮುಂದೂಡುತ್ತಾ ಸಂಜೆ ಮಾಡುವುದಕ್ಕೆ ಬಿಡುವುದಿಲ್ಲ. ಇದನ್ನು ರೂಪಿಸಿದವರಿಗೆ ಕೂತು ಕೆಲಸ ಮಾಡುವವರ ಮನಸ್ಸು ಚೆನ್ನಾಗಿ ಗೊತ್ತು ಅಂತ ಅನಿಸಿದ್ದು ಇಲ್ಲೇ.

ಇನ್ನೊಂದು ಒಳ್ಳೆಯ ಗುಣ. ನೀವಾಗೇ ಎದ್ದು ಹೋಗಿದ್ದರೆ ಅದಕ್ಕೆ ತಿಳಿಯುತ್ತದೆ. ಬಾಗಿಲಿಗೆ ಕೊರಿಯರ್ ಬಂತು, ಕುಕ್ಕರ್ ಕೂಗಿತು, ಪಕ್ಕದ ಮನೆಯವರು ಕರೆದರು ಅಂತ ಎದ್ದು ಹೋಗಿ ಸ್ವಲ್ಪ ಹೊತ್ತು ಕೀಬೋರ್ಡ್, ಮೌಸ್ ಮುಟ್ಟದೆ ಇದ್ದರೆ, ಅದನ್ನೇ ಬ್ರೇಕ್ ಅಂತ ಲೆಕ್ಕ ಹಿಡಿದು, ವಾಪಸ್ ಬಂದ ಮೇಲೆ ಹೊಸದಾಗಿ ಎಣಿಸುತ್ತದೆ. ಈಗ ತಾನೇ ಬಂದು ಕೂತಿದ್ದೀನಿ, ಆಗಲೇ ಏಳು ಅನ್ನುತ್ತದಲ್ಲ ಅನ್ನುವ ಸಿಟ್ಟು ಬರುವುದಿಲ್ಲ. ಮೀಟಿಂಗ್ ಇದ್ದಾಗ ಕಂಪ್ಯೂಟರ್‌ನ 'ಡು ನಾಟ್ ಡಿಸ್ಟರ್ಬ್' ಹಾಕಿದರೆ ತೆಪ್ಪಗಿರುತ್ತದೆ. ಇಲ್ಲವೆಂದರೆ ಐಕಾನ್ ಮೇಲೆ ಒತ್ತಿ ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಅಂತ ನಿಲ್ಲಿಸಬಹುದು, ನಾಳೆ ಬೆಳಿಗ್ಗೆವರೆಗೂ ಬೇಡ ಅಂತಲೂ ಹೇಳಬಹುದು. 20ನೇ ತಾರೀಖು ಮಾತ್ರ ಈ ನಾಳೆ ಬೆಳಿಗ್ಗೆವರೆಗೂ ಅನ್ನುವುದರ ಮೇಲೆ ಕೈ ಹೋಗುತ್ತದೆ. ದಯವಿಟ್ಟು ಆ ದಿನವೇ ಅದನ್ನು ಒತ್ತಬೇಡಿ. ಅತಿ ಹೆಚ್ಚು ಕೂರುವುದು ಆ ದಿನವೇ.

ಈಗ ಅರ್ಧ ಗಂಟೆ ಯಾಕೆ ಅನ್ನುವ ವಿಷಯ. ಇದರಲ್ಲಿ ಒಳ್ಳೆಯ ಸಂಶೋಧನೆ ನಡೆದಿದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೀತ್ ಡಿಯಾಜ್ ಮತ್ತು ಅವರ ತಂಡ ಮಾಡಿದ ಒಂದು ಪ್ರಯೋಗ 2023ರಲ್ಲಿ ಪ್ರಕಟವಾಯಿತು. 11 ಜನ, ಎಲ್ಲರೂ ನಡುವಯಸ್ಸು ದಾಟುತ್ತಿರುವವರು. ಅವರನ್ನು ಬೇರೆ ಬೇರೆ ದಿನ ಎಂಟೆಂಟು ಗಂಟೆ ಕುರ್ಚಿಯಲ್ಲಿ ಕೂರಿಸಿ, ಒಂದು ದಿನ ಏಳಿಸಲೇ ಇಲ್ಲ, ಒಂದು ದಿನ ಅರ್ಧ ಗಂಟೆಗೆ 1 ನಿಮಿಷ, ಒಂದು ದಿನ ಅರ್ಧ ಗಂಟೆಗೆ 5 ನಿಮಿಷ, ಮತ್ತೊಂದು ದಿನ ಗಂಟೆಗೆ 1 ನಿಮಿಷ, ಇನ್ನೊಂದು ದಿನ ಗಂಟೆಗೆ 5 ನಿಮಿಷ ನಿಧಾನವಾಗಿ ನಡೆಸಿದರು. ಬಿರುಸಿನ ನಡಿಗೆ ಅಲ್ಲ, ಸುಮ್ನೆ ಅಡ್ಡಾಡಿದ ಹಾಗೆ. ಅರ್ಧ ಗಂಟೆಗೆ 5 ನಿಮಿಷ ನಡೆದ ದಿನ ಊಟದ ನಂತರ ಸಕ್ಕರೆ ಏರುವುದು, ಇಡೀ ದಿನ ಕೂತಿದ್ದಕ್ಕೆ ಹೋಲಿಸಿದರೆ, ಶೇ. 58ರಷ್ಟು ಇಳಿಯಿತು. ಅರ್ಧ ಗಂಟೆಗೆ 1 ನಿಮಿಷ ನಡೆದಾಗಲೂ ಸಕ್ಕರೆಯಲ್ಲಿ ಸ್ವಲ್ಪ ಲಾಭ ಕಂಡಿತು. ಗಂಟೆಗೊಮ್ಮೆ ಎದ್ದ ದಿನಗಳಲ್ಲಿ, ಅದು 1 ನಿಮಿಷವಾಗಲಿ 5 ನಿಮಿಷವಾಗಲಿ, ಸಕ್ಕರೆಯ ಮಟ್ಟಿಗೆ ಏನೂ ಪ್ರಯೋಜನ ಕಾಣಲಿಲ್ಲ. ಬಿಪಿ ಮಾತ್ರ ಎಲ್ಲ ಬಗೆಯ ನಡಿಗೆಯಲ್ಲೂ 4ರಿಂದ 5 ಪಾಯಿಂಟ್ ಇಳಿಯಿತು. ಗಂಟೆಗೆ 1 ನಿಮಿಷ ಅನ್ನುವುದೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಆಯಾಸ ಕಡಿಮೆಯಾಯಿತು, ಮನಸ್ಸು ಹಗುರವಾಯಿತು. ವಾಚಿನ ಲೆಕ್ಕ ಕಡಿಮೆ ಅಂದದ್ದು ಇದಕ್ಕೇ.

ಹನ್ನೊಂದೇ ಜನರ ಪ್ರಯೋಗ ಅಂತ ತಳ್ಳಿಹಾಕಬಹುದು. ಆದರೆ ಇದೊಂದೇ ಅಲ್ಲ. ಆಸ್ಟ್ರೇಲಿಯಾದಲ್ಲಿ ಡೇವಿಡ್ ಡನ್‌ಸ್ಟನ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೂಕ ಹೆಚ್ಚಿದ್ದ 19 ಜನ ಇದ್ದರು. 20 ನಿಮಿಷಕ್ಕೊಮ್ಮೆ ಬರೀ 2 ನಿಮಿಷ ಮೆಲ್ಲಗೆ ನಡೆದರೂ ಆಹಾರದ ನಂತರದ ಸಕ್ಕರೆ ಶೇ. 24ರಷ್ಟು ಕಡಿಮೆ ಆಗಿತ್ತು. ಎರಡೂ ಕಡೆ ಕಂಡದ್ದು ಒಂದೇ: ಕೂತ ಹೊತ್ತಿನ ನಡುನಡುವೆ ಎದ್ದು ಸ್ವಲ್ಪ ನಡೆದರೂ ಲಾಭ ಇದೆ. ಎಷ್ಟು ಸಲ ಎದ್ದಿರಿ ಅನ್ನುವುದೂ ಮುಖ್ಯ ಅಂತ ಮೊದಲ ಪ್ರಯೋಗ ಸೂಚಿಸುತ್ತದೆ. ಕೂತಾಗ ತೊಡೆಯ ಮತ್ತು ಮೀನಖಂಡದ ದೊಡ್ಡ ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ. ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಂಡು ಉರಿಸುವುದು ಮುಖ್ಯವಾಗಿ ಈ ಸ್ನಾಯುಗಳೇ. ಅವು ಕುಗ್ಗಿ ಹಿಗ್ಗಿದರೆ ಇನ್ಸುಲಿನ್ ಸಹಾಯ ಇಲ್ಲದೆಯೂ ಸಕ್ಕರೆ ಒಳಗೆ ಹೋಗುತ್ತದೆ. ಕಾಲಿಗೆ ಇಳಿದ ರಕ್ತವನ್ನು ಮೇಲಕ್ಕೆ ತಳ್ಳುವುದೂ ಮೀನಖಂಡವೇ, ಅದು ಸುಮ್ಮನಿರುವುದಕ್ಕೇ ಸಂಜೆ ಪಾದ ಊದುವುದು.

ನಮ್ಮ ಕಡೆ ಇದು ಇನ್ನೂ ಜಾಸ್ತಿ ಮುಖ್ಯ. ಮಧ್ಯಾಹ್ನ ಮುದ್ದೆ, ಅನ್ನ, ಸಾರು ಉಂಡು ನೇರವಾಗಿ ಕುರ್ಚಿಗೆ ಬರುವವರು ನಾವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೇತೃತ್ವದ ಸಮೀಕ್ಷೆ 2023ರಲ್ಲಿ ಹೇಳಿದ್ದು, ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಅದರ ಅಂಚಿನಲ್ಲಿ ಇರುವವರು 13.6 ಕೋಟಿ. ಉಂಡ ಮೇಲೆ ನೂರು ಹೆಜ್ಜೆ ಇಡು ಅಂತ ಮನೆಯ ಹಿರಿಯರು ಹೇಳುತ್ತಿದ್ದರು. ಅವರು ಹೇಳಿದ್ದು ಎಷ್ಟು ಸರಿ ಅಂತ ಈಗ ಲ್ಯಾಬಿನಲ್ಲಿ ಅಳೆದು ತೋರಿಸಿದ್ದಾರೆ. ಹಾಗಾಗಿ ನನ್ನ ಮಾತು ಕೇಳುವುದಾದರೆ, ಬೆಳಗಿನ ಬ್ರೇಕು ಒಂದೆರಡು ತಪ್ಪಿದರೂ ಪರವಾಗಿಲ್ಲ, ಊಟವಾದ ನಂತರದ ಎರಡು ಗಂಟೆಯ ಬ್ರೇಕುಗಳನ್ನು ತಪ್ಪಿಸಬೇಡಿ.

ಕೂತು ಕೆಲಸ ಮಾಡುವುದಕ್ಕೂ ಹೃದಯಕ್ಕೂ ಇರುವ ಸಂಬಂಧ ಮೊದಲು ಕಂಡದ್ದು ಕಂಪ್ಯೂಟರ್ ಮುಂದೆ ಅಲ್ಲ, ಬಸ್ಸಿನಲ್ಲಿ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಇಡೀ ದಿನ ಕೂತಿರುವ ಡ್ರೈವರ್‌ಗಳಿಗೂ, ಟಿಕೆಟ್ ಕೊಡುತ್ತಾ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೂ ಹೋಲಿಸಿ ನೋಡಿ, ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಅಂತ ಜೆರ್ರಿ ಮಾರಿಸ್ ಅನ್ನುವ ವೈದ್ಯರು 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿದರು. ಒಂದೇ ಬಸ್ಸು, ಒಂದೇ ದಾರಿ, ಒಬ್ಬ ಕೂತಿದ್ದಾನೆ, ಇನ್ನೊಬ್ಬ ಓಡಾಡುತ್ತಿದ್ದಾನೆ.

ಸರಿ, ಎದ್ದಿರಿ. ಐದು ನಿಮಿಷ ಇದೆ. ಏನು ಮಾಡುವುದು? ಇಲ್ಲಿ ಸ್ಟ್ರೆಚ್ಲಿ ಸ್ವಲ್ಪ ಬಡವಾಗಿದೆ. ಅದು ಕೊಡುವ ಸಲಹೆಗಳು ಒಂದೆರಡು ಸಾಲಿನ ಬರಹ ಮಾತ್ರ. ಚಿತ್ರ ಇಲ್ಲ, ವಿಡಿಯೋ ಇಲ್ಲ. ವರ್ಕ್‌ರೇವ್ ಅನ್ನುವ ಇನ್ನೊಂದು ಹಳೆಯ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಒಂದು ಗೊಂಬೆ ವ್ಯಾಯಾಮ ಮಾಡಿ ತೋರಿಸುತ್ತದೆ. ಅದು ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಸಿಗುತ್ತದೆ, ನೋಡಲು ಹಳೇ ಕಾಲದ್ದು. ಕೈಬೆರಳು, ಮಣಿಕಟ್ಟು ನೋವಿರುವವರಿಗೆ ಬಹುಶಃ ಅದೇ ಒಳ್ಳೆಯದು, ಯಾಕೆಂದರೆ ಅದು ಕೀಬೋರ್ಡ್, ಮೌಸ್ ಬಳಸಿದ ಹೊತ್ತನ್ನೇ ಎಣಿಸಿ ನಿಲ್ಲಿಸುತ್ತದೆ. ನನಗೆ ಬೇಕಿದ್ದು ಕುರ್ಚಿಯಿಂದ ಏಳಿಸುವುದು, ಅದಕ್ಕೆ ಸ್ಟ್ರೆಚ್ಲಿಯೇ ಸರಳ.

ಐದು ನಿಮಿಷವನ್ನು ತುಂಬುವುದಕ್ಕೆ ನಮ್ಮದೇ ಒಂದು ಒಳ್ಳೆಯ ವ್ಯವಸ್ಥೆ ಇದೆ. ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯದ ವೈ-ಬ್ರೇಕ್. ದೆಹಲಿಯ ಮೊರಾರ್ಜಿ ದೇಸಾಯಿ ರಾಷ್ಟ್ರೀಯ ಯೋಗ ಸಂಸ್ಥೆಯ ಜೊತೆ ಸೇರಿ ಕೆಲಸದ ಜಾಗದಲ್ಲೇ ಮಾಡುವಂತೆ ಐದು ನಿಮಿಷದ ಯೋಗ ರೂಪಿಸಿ, 2020ರ ಜನವರಿಯಲ್ಲಿ ಆರು ದೊಡ್ಡ ನಗರಗಳಲ್ಲಿ ಪ್ರಯೋಗ ಮಾಡಿ, 2021ರ ಸೆಪ್ಟೆಂಬರ್ 1ರಂದು ಮೊಬೈಲ್ ಆ್ಯಪ್ ಬಿಟ್ಟರು. ಕೇಂದ್ರ ಸರ್ಕಾರಿ ನೌಕರರು ಇದನ್ನು ಬಳಸುವಂತೆ ಪ್ರೋತ್ಸಾಹಿಸಿ ಅಂತ ಇಲಾಖೆಗಳಿಗೆ ಸುತ್ತೋಲೆಯೂ ಹೋಯಿತು. 2023ರಲ್ಲಿ ಕುರ್ಚಿಯಲ್ಲಿ ಕೂತೇ ಮಾಡುವ ಇನ್ನೊಂದು ಬಗೆಯನ್ನೂ ಕೊಟ್ಟರು.

ಅದರ ಕ್ರಮ ಹೀಗಿದೆ. ತಾಡಾಸನದಲ್ಲಿ ನಿಂತು ಕೈ ಮೇಲೆತ್ತಿ ಮೈ ಎಳೆಯುವುದು, ಊರ್ಧ್ವ ಹಸ್ತೋತ್ತಾನಾಸನದಲ್ಲಿ ಎರಡೂ ಪಕ್ಕಕ್ಕೆ ಬಾಗುವುದು. ಬೆರಳನ್ನು ಭುಜದ ಮೇಲಿಟ್ಟು ಮೊಣಕೈ ತಿರುಗಿಸುವ ಸ್ಕಂಧ ಚಕ್ರ. ಕೈಗಳನ್ನು ತಲೆಯ ಹಿಂದೆ ಕತ್ತರಿಯಂತೆ ಹಾಕಿ ಬೆನ್ನಿನ ರೆಕ್ಕೆ ಹಿಡಿಯುವ ಉತ್ತಾನ ಮಂಡೂಕಾಸನ. ಸೊಂಟ ತಿರುಚುವ ಕಟಿ ಚಕ್ರಾಸನ. ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಾಗುವ ಅರ್ಧ ಚಕ್ರಾಸನ. ಕಾಲು ಅಗಲಿಸಿ ಮುಂದೆ ಬಾಗುವ ಪ್ರಸಾರಿತ ಪಾದೋತ್ತಾನಾಸನ. ಆಮೇಲೆ ದೀರ್ಘ ಉಸಿರು, ನಾಡಿಶೋಧನ, ಭ್ರಾಮರಿ, ಕೊನೆಗೆ ಧ್ಯಾನ. ಇದರಲ್ಲಿ ಹಿಂದಕ್ಕೆ ಬಾಗುವುದು ಮತ್ತು ಭುಜದ ಎರಡು ಚಲನೆಗಳು ಲೆಕ್ಕದ ಕೆಲಸದವರಿಗೆ ಹೇಳಿ ಮಾಡಿಸಿದ ಹಾಗಿವೆ. ಇಡೀ ದಿನ ಬೆನ್ನು ಮುಂದಕ್ಕೆ ಬಾಗಿ, ಭುಜ ಒಳಕ್ಕೆ ಬಂದಿರುತ್ತದಲ್ಲ, ಅದನ್ನು ಎದುರು ದಿಕ್ಕಿಗೆ ತೆರೆಯುತ್ತವೆ. ಸ್ಕಂಧ ಚಕ್ರವನ್ನು ಅವಸರದಲ್ಲಿ ಮಾಡದೆ, ಮೊಣಕೈಗಳು ಮುಂದೆ ಒಂದಕ್ಕೊಂದು ಮುಟ್ಟುವಂತೆ ದೊಡ್ಡದಾಗಿ ಸುತ್ತಿದರೆ ಕತ್ತಿನ ಬುಡದ ಬಿಗಿ ಸಡಿಲವಾಗುವುದು ಅಲ್ಲೇ ಗೊತ್ತಾಗುತ್ತದೆ.

ಎರಡು ಮಾತು ಮಾತ್ರ ಹೇಳಲೇಬೇಕು. ಒಂದು, ಐದು ನಿಮಿಷಕ್ಕೆ ಇಷ್ಟೆಲ್ಲ ಅಂದರೆ ಪ್ರತಿಯೊಂದಕ್ಕೂ ಅರೆಬರೆ ಹೊತ್ತು ಸಿಗುತ್ತದೆ. ನಾನು ಒಡೆದುಕೊಂಡಿದ್ದೇನೆ. ಒಂದು ಬ್ರೇಕಿನಲ್ಲಿ ಕೈ, ಭುಜ, ಬೆನ್ನು. ಇನ್ನೊಂದರಲ್ಲಿ ನಡಿಗೆ. ಉಸಿರಾಟದ ಭಾಗ ಸಂಜೆ, ತಲೆ ಕಾದಿರುವಾಗ. ಭ್ರಾಮರಿಯನ್ನು ಪಕ್ಕದ ಟೇಬಲ್‌ನಲ್ಲಿ ಜನ ಇರುವ ಆಫೀಸಿನಲ್ಲಿ ಮಾಡುವುದು ಕಷ್ಟ, ಮನೆಯಿಂದ ಕೆಲಸ ಮಾಡುವವರಿಗೆ ಆ ತೊಂದರೆ ಇಲ್ಲ. ಎರಡನೆಯದು ಇನ್ನೂ ಮುಖ್ಯ. ವೈ-ಬ್ರೇಕ್‌ನಲ್ಲಿ ಬೆನ್ನಿಗೆ, ಭುಜಕ್ಕೆ ಕೆಲಸ ಇದೆ, ಮನಸ್ಸಿಗೂ ಇದೆ, ಕಾಲಿಗೆ ಕಡಿಮೆ. ಮೇಲೆ ಹೇಳಿದ ಸಕ್ಕರೆಯ ಲಾಭವೆಲ್ಲ ಬಂದದ್ದು ಕಾಲು ಆಡಿಸಿದ್ದರಿಂದ. ಅದಕ್ಕೇ ಇದರ ಜೊತೆ ಕಾಲಿನ ಕೆಲಸ ಸೇರಿಸಲೇಬೇಕು.

ಕಾಲಿಗೆ ಅಂತ ದೊಡ್ಡ ಸರ್ಕಸ್ ಬೇಡ. ಕುರ್ಚಿ ಬಸ್ಕಿ ಸಾಕು. ಚಕ್ರ ಇಲ್ಲದ ಕುರ್ಚಿ ತೆಗೆದುಕೊಳ್ಳಿ, ಅಥವಾ ಚಕ್ರದ ಕುರ್ಚಿಯನ್ನು ಗೋಡೆಗೆ ಒರಗಿಸಿ. ಕೈ ಊರದೆ ಎದ್ದು ನಿಲ್ಲಿ, ನಿಧಾನವಾಗಿ ಕೂರಿ, ಸೀಟು ಮುಟ್ಟಿದ ಕೂಡಲೇ ಮತ್ತೆ ಏಳಿ. ಹತ್ತು ಸಲ ಮಾಡುವಷ್ಟರಲ್ಲಿ ತೊಡೆ ಬಿಸಿಯಾಗುತ್ತದೆ. ಆಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಸೀರೆ ಉಟ್ಟವರೂ ಆರಾಮವಾಗಿ ಮಾಡಬಹುದು, ಯಾರೂ ತಿರುಗಿ ನೋಡುವುದಿಲ್ಲ. ಉಳಿದ ಹೊತ್ತು ನಡಿಗೆ. ಮನೆಯಲ್ಲಿದ್ದರೆ ಹಜಾರದಿಂದ ಅಡುಗೆಮನೆ, ಅಲ್ಲಿಂದ ಬಾಲ್ಕನಿ. ಆಫೀಸಿನಲ್ಲಿದ್ದರೆ ಒಂದು ಮಹಡಿ ಮೆಟ್ಟಿಲು ಹತ್ತಿ ಇಳಿಯಿರಿ. ಮೇಜಿನ ಮೇಲೆ ಎರಡು ಲೀಟರ್ ಬಾಟಲಿ ಇಟ್ಟುಕೊಳ್ಳಬೇಡಿ, ಒಂದು ಲೋಟ ಮಾತ್ರ ಇಟ್ಟುಕೊಳ್ಳಿ. ಲೋಟ ಖಾಲಿಯಾದರೆ ಎದ್ದೇ ಹೋಗಬೇಕು. ಫೋನ್ ಬಂದರೆ ನಿಂತು ಮಾತಾಡಿ. ಬ್ರೇಕಿನಲ್ಲಿ ಫೋನ್ ನೋಡುತ್ತಾ ಅಲ್ಲೇ ಕೂತಿದ್ದರೆ ಅದು ಬ್ರೇಕೇ ಅಲ್ಲ. ಕುತ್ತಿಗೆಗೆ ಇನ್ನೂ ಕೆಟ್ಟದ್ದು, ಕಣ್ಣಿಗೂ ಬಿಡುವಿಲ್ಲ.

ಮಂಡಿ ನೋವಿದ್ದರೆ ಬಸ್ಕಿಯನ್ನು ಅರ್ಧಕ್ಕೇ ನಿಲ್ಲಿಸಿ, ಅಥವಾ ಬರೀ ನಡೆಯಿರಿ. ಬಿಪಿ ಹೆಚ್ಚಿರುವವರು, ತಲೆ ಸುತ್ತು ಬರುವವರು, ಗರ್ಭಿಣಿಯರು ತಲೆ ಕೆಳಗೆ ಮಾಡಿ ಬಾಗುವುದು, ಹಿಂದಕ್ಕೆ ಬಾಗುವುದು ಇವನ್ನು ಡಾಕ್ಟರನ್ನು ಕೇಳದೆ ಮಾಡಬೇಡಿ. ಸ್ಲಿಪ್ ಡಿಸ್ಕ್ ಅಂತ ಹೇಳಿಸಿಕೊಂಡವರಿಗೂ ಇದೇ ಮಾತು.

ಇನ್ನು 20 ಸೆಕೆಂಡಿನ ಸಣ್ಣ ಬ್ರೇಕ್. ಇದು ಕಣ್ಣಿಗೆ. ಕಣ್ಣಿನ ಡಾಕ್ಟರುಗಳು 20-20-20 ಅಂತ ಹೇಳುವುದನ್ನು ಕೇಳಿರುತ್ತೀರಿ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡುವುದು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ. ಕಿಟಕಿಯಿಂದ ಆಚೆ ದೂರದ ಮರವನ್ನೋ ನೀರಿನ ಟ್ಯಾಂಕನ್ನೋ ನೋಡಿ, ನಾಲ್ಕು ಸಲ ಬೇಕೆಂದೇ ರೆಪ್ಪೆ ಬಡಿದು, ಮುಷ್ಟಿ ಬಿಗಿದು ಬಿಟ್ಟರೆ 20 ಸೆಕೆಂಡ್ ಆಯಿತು. ಏಳಬೇಕಾಗಿಲ್ಲ.

ಮೊದಲ ದಿನವೇ ಕೆಲವು ಸೆಟ್ಟಿಂಗ್ ಬದಲಾಯಿಸಿಕೊಳ್ಳಿ. 10 ನಿಮಿಷಕ್ಕೊಮ್ಮೆ ಸಣ್ಣ ಬ್ರೇಕ್ ಅನ್ನುವುದು ಲೆಕ್ಕದ ಕೆಲಸಕ್ಕೆ ಅತಿಯಾಯಿತು, ಕೂಡುತ್ತಿದ್ದ ಸಂಖ್ಯೆ ತಲೆಯಿಂದ ಹಾರಿಹೋಗುತ್ತದೆ. ಬಹಳ ಜನ ಈ ಕಿರಿಕಿರಿಗೇ ತೆಗೆದು ಹಾಕಿಬಿಡುತ್ತಾರೆ ಅಂತ ನನಗನಿಸುತ್ತದೆ. ಅದನ್ನು 15 ನಿಮಿಷ ಮಾಡಿ. ಒಂದು ಸಣ್ಣ ಬ್ರೇಕ್ ಆದ ಮೇಲೆ ದೊಡ್ಡದು ಬರಲಿ ಅಂತ ಹೇಳಿ. ಆಗ ಅರ್ಧ ಗಂಟೆಯ ಲೆಕ್ಕ ಹಾಗೇ ಉಳಿಯುತ್ತದೆ. ದೊಡ್ಡ ಬ್ರೇಕಿನ ಉದ್ದ 5 ನಿಮಿಷ ಅಂದರೆ ಗಂಟೆಗೆ 10 ನಿಮಿಷ, ಎಂಟು ಗಂಟೆಗೆ 80 ನಿಮಿಷ. ಸ್ವಂತ ಕೆಲಸ ಮಾಡುವವರಿಗೆ ಸಾಧ್ಯ, ಬೇರೆಯವರ ಕೈಕೆಳಗೆ ಇರುವವರಿಗೆ ಕಷ್ಟ. ಅಂಥವರು ಉದ್ದವನ್ನು ಇಳಿಸಿಕೊಳ್ಳಿ, ಎರಡು ಮೂರು ನಿಮಿಷ ಸಾಕು. ಆದರೆ ಅರ್ಧ ಗಂಟೆ ಅನ್ನುವುದನ್ನು ಹಿಗ್ಗಿಸಬೇಡಿ. ಹೊತ್ತು ಕಡಿಮೆ ಮಾಡಿ, ಸಲ ಕಡಿಮೆ ಮಾಡಬೇಡಿ.

ಬ್ರೇಕ್ ಪೂರ್ತಿ ಪರದೆಯಲ್ಲಿ ತೋರಿಸು ಅನ್ನುವ ಆಯ್ಕೆ ಇದೆ, ಅದನ್ನು ಹಾಕಿ. ಸಣ್ಣ ಕಿಟಕಿಯಾದರೆ ಅದರ ಪಕ್ಕದಲ್ಲಿ ಕಾಣುವ ಎಕ್ಸೆಲ್ ಹಾಳೆ ಕರೆಯುತ್ತಲೇ ಇರುತ್ತದೆ. ಸ್ಟ್ರಿಕ್ಟ್ ಮೋಡ್ ಅಂತ ಇನ್ನೊಂದು ಇದೆ. ಅದನ್ನು ಹಾಕಿದರೆ ಬ್ರೇಕ್ ಮಧ್ಯದಲ್ಲಿ ಮುಗಿಸಿ ಹೊರಬರಲು ಆಗುವುದಿಲ್ಲ. ಶುರುವಿನಲ್ಲಿ ಬೇಡ, ಮೊದಲು ಒಗ್ಗಿಕೊಳ್ಳಿ. ಬಿಟ್ಟುಬಿಡುವ ಅಭ್ಯಾಸ ಬೆಳೆಯುತ್ತಿದೆ ಅನಿಸಿದಾಗ ದೊಡ್ಡ ಬ್ರೇಕಿಗೆ ಮಾತ್ರ ಹಾಕಿ.

ಸಲಹೆಗಳನ್ನು ನಮ್ಮ ಭಾಷೆಯಲ್ಲೇ ಹಾಕಿಕೊಳ್ಳಬಹುದು, ಇದು ನನಗೆ ಬಹಳ ಖುಷಿ ಕೊಟ್ಟ ವಿಷಯ. ಇದರ ಸೆಟ್ಟಿಂಗ್ಸ್ ಇರುವ ಒಂದು ಫೈಲ್ ಇದೆ, ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನಮ್ಮದೇ ಸಾಲುಗಳನ್ನು ಬರೆಯಬಹುದು. 'ಎದ್ದು ಹತ್ತು ಬಸ್ಕಿ', 'ಲೋಟ ತುಂಬಿಸಿಕೊಂಡು ಬಾ', 'ಅಮ್ಮನಿಗೆ ಫೋನ್ ಮಾಡು, ನಡೆಯುತ್ತಾ ಮಾತಾಡು' ಅಂತ ಬರೆದಿಟ್ಟುಕೊಂಡಿದ್ದೇನೆ. ಇಂಗ್ಲಿಷಿನ ಸಾಮಾನ್ಯ ಸಲಹೆಗಿಂತ ಇದಕ್ಕೆ ಮೈ ಬೇಗ ಏಳುತ್ತದೆ. ಆದರೆ ಫೈಲ್ ತಿದ್ದುವಾಗ ಒಂದು ಅಲ್ಪವಿರಾಮ ಹೆಚ್ಚು ಕಡಿಮೆಯಾದರೂ ಕೆಡುತ್ತದೆ. ಕಂಪ್ಯೂಟರ್ ಚೆನ್ನಾಗಿ ಬಲ್ಲವರ ಕೈಯಲ್ಲಿ ಮಾಡಿಸಿಕೊಳ್ಳಿ. ಇದನ್ನು ಸೆಟ್ಟಿಂಗ್ಸ್ ಪುಟದಲ್ಲೇ ಸುಲಭವಾಗಿ ಕೊಟ್ಟಿದ್ದರೆ ಎಷ್ಟೋ ಜನರಿಗೆ ಉಪಯೋಗವಾಗುತ್ತಿತ್ತು. ಇನ್ನೊಂದು ಕೊರತೆ, ಇದು ಎಲೆಕ್ಟ್ರಾನ್ ಅನ್ನುವ ತಂತ್ರದಲ್ಲಿ ಕಟ್ಟಿದ್ದು, ಹಾಗಾಗಿ ಇಷ್ಟು ಸಣ್ಣ ಕೆಲಸಕ್ಕೆ ಮೆಮೊರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ. 4 ಜಿಬಿಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ, ಕ್ರೋಮ್ ಎರಡೂ ತೆರೆದಿರುವವರಿಗೆ ಗೊತ್ತಾಗುತ್ತದೆ. ಹೊಸ ಯಂತ್ರಗಳಲ್ಲಿ ಚಿಂತೆ ಇಲ್ಲ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಎದ್ದು ನಿಂತರೆ ಸಾಕು, ಕೆಲಸ ಇಲ್ವಾ ಅಂತ ಕೇಳುತ್ತಿದ್ದರು. ಕೂತಿರುವುದೇ ದುಡಿಮೆ ಅನ್ನುವ ಲೆಕ್ಕ. ಅಲ್ಲಿದ್ದ ನಾವೆಲ್ಲ ಬೆನ್ನು ನೋವಿಗೆ ಮುಲಾಮು ಡ್ರಾಯರಿನಲ್ಲೇ ಇಟ್ಟುಕೊಂಡಿದ್ದೆವು. ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳಿಗೆ ಕೂರುವ ಹಕ್ಕು ಬೇಕು ಅಂತ ಹೋರಾಡಿ, ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನೇ ಬಂತು. ಬಹಳ ಒಳ್ಳೆಯ ಕೆಲಸ. ಕೂತು ದುಡಿಯುವವರಿಗೆ ಎದ್ದೇಳುವ ಹಕ್ಕೂ ಅಷ್ಟೇ ಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಆಫೀಸ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಎಲ್ಲ ಕಂಪ್ಯೂಟರಿಗೂ ಇದನ್ನು ಹಾಕಿಸಿ, ನೀವೂ ಎಲ್ಲರ ಎದುರಿಗೆ ಎದ್ದು ಓಡಾಡಿ. ಮೇಲಿನವರು ಎದ್ದರೆ ಮಾತ್ರ ಕೆಳಗಿನವರಿಗೆ ಏಳುವ ಧೈರ್ಯ ಬರುತ್ತದೆ.

ಹೊಲಿಗೆ ಮಷೀನ್ ಮುಂದೆ ಕೂರುವವರಿಗೆ, ಅಂಗಡಿಯ ಗಲ್ಲಾದಲ್ಲಿ ಕೂರುವವರಿಗೆ, ಲಾರಿ ಓಡಿಸುವವರಿಗೆ ಈ ಸಾಫ್ಟ್‌ವೇರ್ ಪ್ರಯೋಜನವಿಲ್ಲ, ಅವರ ಮುಂದೆ ಪರದೆಯೇ ಇರುವುದಿಲ್ಲ. ಟೈಲರ್‌ಗಳಿಗೆ ನಾನು ಹೇಳುವುದು, ಒಂದು ರವಿಕೆಯೋ ಒಂದು ಪ್ಯಾಂಟೋ ಮುಗಿದ ಕೂಡಲೇ ಎದ್ದು ಹತ್ತು ಸಲ ಹಿಮ್ಮಡಿ ಎತ್ತಿ. ಗಡಿಯಾರಕ್ಕಿಂತ ಕೆಲಸದ ಅಳತೆಗೆ ಕಟ್ಟಿದ ಅಭ್ಯಾಸ ಅವರಿಗೆ ಚೆನ್ನಾಗಿ ನಿಲ್ಲುತ್ತದೆ. ವೈ-ಬ್ರೇಕ್‌ನ ಭುಜದ ವ್ಯಾಯಾಮ ಅವರಿಗೂ ಅಷ್ಟೇ ಒಳ್ಳೆಯದು.

ಹಾಕಿಕೊಳ್ಳುವವರು ಅದನ್ನು ಮಾಡಿದವರ ಸ್ವಂತ ತಾಣದಿಂದ ಅಥವಾ ಗಿಟ್‌ಹಬ್ ಪುಟದಿಂದಲೇ ಇಳಿಸಿಕೊಳ್ಳಿ, ಬೇರೆ ಡೌನ್‌ಲೋಡ್ ತಾಣಗಳಿಂದ ಬೇಡ. ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದವರನ್ನು ಕೇಳಿ ಹಾಕಿಸಿಕೊಳ್ಳಿ, ಅನುಮತಿ ಇಲ್ಲದೆ ಇನ್‌ಸ್ಟಾಲ್ ಆಗದಿರಬಹುದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ತಾನಾಗಿ ಶುರುವಾಗಲಿ ಅನ್ನುವ ಆಯ್ಕೆಗೆ ಟಿಕ್ ಹಾಕುವುದನ್ನು ಮರೆಯಬೇಡಿ. ಟಿಕ್ ಹಾಕದಿದ್ದರೆ ಮಾರನೇ ದಿನ ಅದು ತಾನಾಗಿ ತೆರೆದುಕೊಳ್ಳುವುದಿಲ್ಲ.